ಹಿಂದಿನ ಆಕ್ಸಲ್ ಬದಲಿಸುವ ಮುನ್ನ

ಚಳಿಗಾಲ ಕಾಲಿರಿಸಿ ಸಾಖಿರದ ಮರಳುಗಾಡಿನಲ್ಲಿ ಡೇರೆಗಳು ಏಳತೊಡಗಿದೊಡನೆ ನಮ್ಮ ಸಂಘದ ಯುವಕರ ಮಾತುಕತೆಯ ವಿಷಯವೂ ಬದಲಾಗುತ್ತದೆ. ಪರೀಕ್ಷೆ, ಕ್ರಿಕೆಟ್, ಸಿನೆಮಾಗಳು ಹಿಂದೆ ಸರಿದು ಹಳೆಯ ಜೀಪು, ದೊಡ್ಡ ಟೈರು, ಎತ್ತರಿಸಿದ ಸ್ಪ್ರಿಂಗುಗಳು ಮುಂದೆ ಬರುತ್ತವೆ. ಆ ಸಾಲಿಗೆ ಈಗ ಇನ್ನೊಂದು ಸೇರಿದೆ: ವಾಹನದ ಹಿಂದಿನ ಆಕ್ಸಲನ್ನು ಇಡಿಯಾಗಿ ಕಳಚಿ ಬೇರೊಂದು ವಾಹನದ ಆಕ್ಸಲನ್ನು ಜೋಡಿಸುವುದು, ಅದರೊಡನೆ ಹಿಂದಿನ ಡ್ರಮ್ ಬ್ರೇಕಿನ ಜಾಗದಲ್ಲಿ ಡಿಸ್ಕ್ ಬ್ರೇಕನ್ನು ಪಡೆಯುವುದು. ಕೆಲವು ಮನೆಗಳಲ್ಲಿ ಇದು ತಂದೆ ಮಕ್ಕಳ ನಡುವಿನ ಜಗಳಕ್ಕೂ ಕಾರಣವಾಗಿದೆ. ತಂದೆಗೆ ಇದು ದುಂದುವೆಚ್ಚ. ಮಗನಿಗೆ ಇದು ಸುರಕ್ಷತೆ.

ಈ ಜಗಳದಲ್ಲಿ ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಈ ಕೆಲಸಕ್ಕೆ ತನ್ನದೇ ಆದ ತಾಂತ್ರಿಕ ಸಮರ್ಥನೆಯಿದೆ, ಹುಡುಗಾಟವೆಂದು ತಳ್ಳಿಹಾಕುವಂಥದ್ದಲ್ಲ. ಆದರೆ ಅರ್ಧ ಮಾಡಿ ಬಿಟ್ಟರೆ ಹಳೆಯ ಡ್ರಮ್ ಬ್ರೇಕಿಗಿಂತಲೂ ಅಪಾಯಕಾರಿಯಾಗುವ ಕೆಲಸಗಳಲ್ಲಿ ಇದು ಮುಖ್ಯವಾದುದು. ಮಾಡುವುದಾದರೆ ಪೂರ್ಣವಾಗಿ ಮಾಡಬೇಕು. ಪೂರ್ಣವಾಗಿ ಮಾಡಲು ಹಣವಾಗಲಿ ಸಮಯವಾಗಲಿ ಇಲ್ಲದಿದ್ದರೆ ಮುಟ್ಟಬಾರದು. ವೈದ್ಯವೃತ್ತಿಯಲ್ಲಿರುವ ನಮಗೆ ವಾಹನದ ವಿಷಯದಲ್ಲಿ ಏನು ಕೆಲಸ ಎಂದು ಕೆಲವರು ಕೇಳಬಹುದು. ರಸ್ತೆ ಅಪಘಾತಗಳ ಫಲ ಕೊನೆಗೆ ಬಂದು ಸೇರುವುದು ನಮ್ಮ ಮುಂದಿನ ಮಂಚಕ್ಕೇ ಎಂಬುದೊಂದು ಕಾರಣ. ಗ್ಯಾರೇಜಿನಲ್ಲಿ ದುಡಿಯುವವರ ಶ್ವಾಸಕೋಶ ಇನ್ನೊಂದು. ಅದನ್ನು ಮುಂದೆ ವಿವರಿಸುತ್ತೇವೆ.

ಮೊದಲು ಕೆಲಸವೇನೆಂದು ನೋಡೋಣ. ಜೀಪು ಚೆರೋಕಿ ಮತ್ತು ರಾಂಗ್ಲರ್‌ಗಳ ಹಳೆಯ ಮಾದರಿಗಳಲ್ಲಿ ಬಹಳಷ್ಟಕ್ಕೆ ಹಿಂದೆ ಡಾನಾ 35 ಎಂಬ ಆಕ್ಸಲ್ ಇರುತ್ತದೆ. ಇದರ ಶಾಫ್ಟಿನ ತುದಿಯಲ್ಲಿ 27 ಹಲ್ಲುಗಳು. ಕಾರ್ಖಾನೆಯಿಂದ ಬಂದ ಟೈರುಗಳಿಗೆ ಇದು ಸಾಕು. ಅದಕ್ಕಿಂತ ದೊಡ್ಡ ಟೈರು ಹಾಕಿ ಮರಳಿನಲ್ಲಿ ಎಂಜಿನನ್ನು ಒದರಿಸಿದರೆ ಶಾಫ್ಟ್ ಮುರಿಯುವುದುಂಟು. ಈ ಆಕ್ಸಲುಗಳಲ್ಲಿ ಹೆಚ್ಚಿನವುಗಳಲ್ಲಿ ಶಾಫ್ಟನ್ನು ಹಿಡಿದಿಟ್ಟಿರುವುದು ಒಳಗಿನ ಒಂದು ಸಣ್ಣ ಸಿ-ಕ್ಲಿಪ್ ಮಾತ್ರ. ಆದುದರಿಂದ ಶಾಫ್ಟ್ ಮುರಿದರೆ ಚಕ್ರವೇ ಹೊರಗೆ ಸರಿದುಬರುವ ಸಂಭವವಿದೆ. ಇದಕ್ಕೆ ಜಗತ್ತಿನಾದ್ಯಂತ ಜೀಪುಪ್ರಿಯರು ಕಂಡುಕೊಂಡ ಉತ್ತರವೆಂದರೆ ಫೋರ್ಡ್ ಎಕ್ಸ್‌ಪ್ಲೋರರ್ ವಾಹನದ 8.8 ಆಕ್ಸಲ್. ಒಳಗಿನ ದೊಡ್ಡ ಹಲ್ಲುಗಾಲಿಯ ವ್ಯಾಸ 8.8 ಅಂಗುಲ, ಶಾಫ್ಟಿನಲ್ಲಿ 31 ಹಲ್ಲು, ಅಗಲ ಹೆಚ್ಚುಕಡಿಮೆ ಹೊಂದುತ್ತದೆ, ಚಕ್ರದ ಐದು ಬೋಲ್ಟುಗಳ ಅಂತರವೂ ಅದೇ ನಾಲ್ಕೂವರೆ ಅಂಗುಲ. 1995ರಿಂದೀಚೆಗಿನ ಎಕ್ಸ್‌ಪ್ಲೋರರ್‌ಗಳಲ್ಲಿ ಹಿಂದೆ ಡಿಸ್ಕ್ ಬ್ರೇಕೂ ಇರುವುದರಿಂದ ಒಂದೇ ಏಟಿಗೆ ಎರಡು ಹಕ್ಕಿ. ಗುಜರಿಗೆ ಬಂದ ವಾಹನದಿಂದ ಆಕ್ಸಲ್ ಅಗ್ಗವಾಗಿ ಸಿಗುತ್ತದೆಂಬುದೂ ಆಕರ್ಷಣೆಯೇ.

ಅಗ್ಗವೆಂಬುದು ಅಲ್ಲಿಗೇ ಮುಗಿಯುತ್ತದೆ. ಎಕ್ಸ್‌ಪ್ಲೋರರ್‌ಗಾಗಿ ಬೆಸುಗೆ ಹಾಕಿದ್ದ ಸ್ಪ್ರಿಂಗಿನ ಪೀಠಗಳನ್ನು ಕತ್ತರಿಸಿ ತೆಗೆದು ಜೀಪಿನ ಸ್ಪ್ರಿಂಗಿಗೆ ಹೊಂದುವ ಪೀಠಗಳನ್ನು ಹೊಸದಾಗಿ ಬೆಸೆಯಬೇಕು. ಪಟ್ಟಿ ಸ್ಪ್ರಿಂಗಿನ ಚೆರೋಕಿಗೆ ಇದು ಸುಲಭ. ಸುರುಳಿ ಸ್ಪ್ರಿಂಗಿನ ರಾಂಗ್ಲರ್‌ಗೆ ಹಿಡಿತೋಳುಗಳ ಬ್ರಾಕೆಟ್ಟುಗಳೂ ಬೇಕಾಗುವುದರಿಂದ ಕಷ್ಟ. ಪೀಠದ ಕೋನ ತಪ್ಪಿದರೆ ಪ್ರೊಪೆಲ್ಲರ್ ಶಾಫ್ಟ್ ಅದುರತೊಡಗಿ ಅದರ ಕ್ರಾಸ್ ಬೇಗ ಸವೆಯುತ್ತದೆ. ಆಕ್ಸಲಿನ ಉಕ್ಕಿನ ಕೊಳವೆಗಳು ನಡುವಿನ ಎರಕದ ಗುಂಡಿಗೆಯೊಳಗೆ ಒತ್ತಿ ಕೂರಿಸಿದವುಗಳು. ಅವು ತಿರುಗದಂತೆ ಬೆಸೆಯುವುದಾದರೆ ಎರಕವನ್ನು ಮೊದಲು ಕಾಯಿಸಿ ನಿಧಾನವಾಗಿ ತಣಿಸಬೇಕು, ಇಲ್ಲವಾದರೆ ಬೆಸುಗೆಯ ಪಕ್ಕದಲ್ಲೇ ಬಿರುಕು. ನಾಲ್ಕು ಚಕ್ರದ ಎಳೆತವಿರುವ ವಾಹನದಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲುಗಳ ಹಲ್ಲಿನ ಅನುಪಾತ ಒಂದೇ ಇರಬೇಕು. ಮುಂದೆ 3.07 ಇದ್ದು ಹಿಂದೆ 3.73 ಬಂದರೆ ಮರಳಿನಲ್ಲಿ ನಾಲ್ಕು ಚಕ್ರಕ್ಕೆ ಹಾಕಿದ ಕ್ಷಣದಿಂದ ಎರಡೂ ಒಂದನ್ನೊಂದು ಎಳೆದಾಡಿ ಯಾವುದೋ ಒಂದು ಒಡೆಯುತ್ತದೆ. ಎಲ್ಲ ಸೇರಿ ಲೆಕ್ಕ ಹಾಕಿದಾಗ ಹಳೆಯ ಜೀಪಿನ ಬೆಲೆಯ ಹತ್ತಿರಕ್ಕೇ ಖರ್ಚು ಬಂದು ನಿಲ್ಲುವುದುಂಟು. ಮೂಗಿಗಿಂತ ಮೂಗುತಿ ಭಾರ ಎನ್ನುವ ತಂದೆಯ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ.

ಇಷ್ಟಾದ ಮೇಲೆ ದೊರೆಯುವ ಡಿಸ್ಕ್ ಬ್ರೇಕಿನ ಗುಣವೇನು? ಬ್ರೇಕಿನ ಕೆಲಸ ಮೂಲತಃ ವೇಗವನ್ನು ಶಾಖವಾಗಿ ಮಾರ್ಪಡಿಸುವುದು. 1500 ಕಿಲೋ ತೂಕದ ಕಾರು ಗಂಟೆಗೆ 100 ಕಿಲೋಮೀಟರ್ ವೇಗದಿಂದ ನಿಂತರೆ ಸುಮಾರು 580 ಕಿಲೋಜೂಲ್ ಶಾಖ ಹುಟ್ಟುತ್ತದೆ. ಮನೆಯ ಪಾತ್ರೆಯಲ್ಲಿ ಎರಡು ಲೀಟರಿಗೆ ತುಸು ಕಡಿಮೆ ನೀರನ್ನು ಕುದಿಯುವ ಮಟ್ಟಕ್ಕೆ ತರಲು ಅಷ್ಟು ಸಾಕು. ಡ್ರಮ್ಮಿನಲ್ಲಿ ಆ ಶಾಖ ಮುಚ್ಚಿದ ಗಡಿಗೆಯೊಳಗೆ ಉಳಿಯುತ್ತದೆ. ಕಾದ ಡ್ರಮ್ ಹಿಗ್ಗಿ ಲೈನರಿನಿಂದ ದೂರ ಸರಿಯುವುದರಿಂದ ಪೆಡಲು ಕೆಳಗಿಳಿಯುತ್ತದೆ. ಡಿಸ್ಕ್ ಗಾಳಿಗೆ ತೆರೆದುಕೊಂಡಿದೆ, ಬೇಗ ತಣಿಯುತ್ತದೆ, ನೀರನ್ನೂ ಬೇಗ ಕೊಡವಿಕೊಳ್ಳುತ್ತದೆ. ಶಿರಾಡಿ, ಚಾರ್ಮಾಡಿ, ಆಗುಂಬೆ ಘಾಟಿಗಳನ್ನು ಇಳಿದು ಬೆಳೆದ ನಮ್ಮ ಕರಾವಳಿಯ ಬಂಧುಗಳಿಗೆ ಸುಟ್ಟ ಲೈನರಿನ ವಾಸನೆಯ ಪರಿಚಯ ಹೇಳಿಕೊಡಬೇಕಿಲ್ಲ. ಅಲ್ಲಿನ ಅನುಭವಿ ಬಸ್ಸು ಚಾಲಕರು ಇಳಿಜಾರಿನಲ್ಲಿ ಬ್ರೇಕಿಗಿಂತ ಮೊದಲು ಗೇರನ್ನು ಇಳಿಸುವುದು ಇದೇ ಕಾರಣಕ್ಕೆ.

ಬಹರೈನಿನಲ್ಲಿ ಘಾಟಿಯಿಲ್ಲ. ನಾಡಿನ ಅತಿ ಎತ್ತರದ ಜಬಲ್ ಅಲ್ ದುಖಾನ್ ನಮ್ಮೂರಿನ ಗುಡ್ಡಗಳ ಮುಂದೆ ಒಂದು ದಿಬ್ಬ. ಆದುದರಿಂದ ದೀರ್ಘ ಇಳಿಜಾರಿನಲ್ಲಿ ಬ್ರೇಕ್ ಕಾದು ಸೋಲುವ ಭಯ ಇಲ್ಲಿಯ ದಿನನಿತ್ಯದ ಓಡಾಟಕ್ಕೆ ಅನ್ವಯಿಸದು. ಕಾಸ್‌ವೇ ದಾಟಿ ಉಮ್ರಾ ಯಾತ್ರೆಗೆ ಸ್ವಂತ ವಾಹನದಲ್ಲಿ ಹೋಗುವ ಕುಟುಂಬಗಳಿಗೆ ಮಾತ್ರ, ತಾಯಿಫಿನಿಂದ ಮಕ್ಕೆಯ ಕಡೆಗೆ ಅಲ್ ಹದಾ ಬೆಟ್ಟ ಇಳಿಯುವಾಗ, ಅದು ನಿಜವಾಗುತ್ತದೆ. ಅಲ್ಲಿಯೂ ಸಣ್ಣ ಗೇರೇ ಮೊದಲ ರಕ್ಷಣೆ. ಇಲ್ಲಿನ ವಾಹನಗಳಿಗೆ ಡಿಸ್ಕಿನ ನಿಜವಾದ ಪ್ರಯೋಜನ ಬೇರೆಯೇ ಇದೆ: ಮರಳು. ಡ್ರಮ್ಮಿನೊಳಗೆ ಹೊಕ್ಕ ನುಣುಪು ಮರಳು ಹೊರಬರಲಾರದೆ ಲೈನರನ್ನೂ ಡ್ರಮ್ಮನ್ನೂ ಅರೆಯುತ್ತದೆ. ಕಡಲತೀರದ ಉಪ್ಪು ನೀರೂ ಸೇರಿದರೆ ಒಳಗಿನ ಸ್ಪ್ರಿಂಗುಗಳು ತುಕ್ಕು ಹಿಡಿದು ಒಂದು ಕಡೆಯ ಬ್ರೇಕ್ ಹಿಡಿಯುತ್ತದೆ, ಇನ್ನೊಂದು ಕಡೆಯದು ಹಿಡಿಯುವುದಿಲ್ಲ. ವಾರಕ್ಕೊಮ್ಮೆ ಮರಳಿಗಿಳಿಯುವ ವಾಹನಕ್ಕೆ ಹಿಂದೆಯೂ ಡಿಸ್ಕ್ ಬೇಕೆನ್ನುವ ಯುವಕನ ವಾದವನ್ನು ನಾವು ಇಲ್ಲಿ ಒಪ್ಪುತ್ತೇವೆ. ಮನಾಮದ ಕಚೇರಿಗೂ ಸೂಪರ್ ಮಾರ್ಕೆಟ್ಟಿಗೂ ಓಡುವ ವಾಹನಕ್ಕೆ ಆ ವಾದ ಸಲ್ಲದು.

ಕುತೂಹಲಕ್ಕೆ ಒಂದು ಮಾತು. ಬರ್ಮಿಂಗ್‌ಹ್ಯಾಮಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದದ್ದು 1902ರಲ್ಲಿ. ಲೂಯಿ ರೆನೋ ಡ್ರಮ್ ಬ್ರೇಕನ್ನು ರೂಪಿಸಿದ್ದೂ ಅದೇ ವರ್ಷ. ಲ್ಯಾಂಚೆಸ್ಟರನ ತಾಮ್ರದ ಪ್ಯಾಡುಗಳು ಅಂದಿನ ಧೂಳು ರಸ್ತೆಗಳಲ್ಲಿ ಬೇಗ ಸವೆದುಹೋಗುತ್ತಿದ್ದವು. ಮುಂದೆ ಅರ್ಧ ಶತಮಾನ ಡ್ರಮ್ಮಿನದೇ ರಾಜ್ಯ. 1953ರ ಲ ಮಾನ್ ಓಟದಲ್ಲಿ ಡನ್‌ಲಪ್ ಡಿಸ್ಕ್ ಬ್ರೇಕಿದ್ದ ಜಾಗ್ವಾರ್ ಗೆದ್ದ ಮೇಲೆ ಲೋಕದ ಕಣ್ಣು ತೆರೆಯಿತು. ಒಂದು ಕಾಲಕ್ಕೆ ಧೂಳಿಗೆ ಸೋತದ್ದು ಈಗ ಮರಳಿಗೆ ಮದ್ದಾಗಿದೆ. ನಡುವೆ ಬದಲಾದದ್ದು ಪ್ಯಾಡಿನ ವಸ್ತು.

ಈಗ ನಮ್ಮ ಆಕ್ಷೇಪಕ್ಕೆ ಬರೋಣ. "ಹಿಂದೆ ಡಿಸ್ಕ್ ಹಾಕಿದರೆ ಗಾಡಿ ಬೇಗ ನಿಲ್ಲುತ್ತದೆ" ಎಂಬ ನಂಬಿಕೆ ಸಾಮಾನ್ಯವಾಗಿದೆ. ಬ್ರೇಕ್ ಚಕ್ರವನ್ನು ನಿಲ್ಲಿಸುತ್ತದೆ. ವಾಹನವನ್ನು ನಿಲ್ಲಿಸುವುದು ಟೈರು. ಚಕ್ರ ಹಿಡಿದು ನಿಲ್ಲುವಷ್ಟು ಶಕ್ತಿ ಈಗಾಗಲೇ ಡ್ರಮ್ಮಿಗೆ ಇದ್ದರೆ, ಒಂದೇ ಸಲದ ತುರ್ತು ಬ್ರೇಕಿನಲ್ಲಿ ಡಿಸ್ಕಿನಿಂದ ನಿಲ್ಲುವ ದೂರ ಗಮನಾರ್ಹವಾಗಿ ಕಡಿಮೆಯಾಗದು. ಅದರ ಮೇಲೆ, ಬ್ರೇಕ್ ಒತ್ತಿದಾಗ ವಾಹನ ಮುಂದಕ್ಕೆ ಬಾಗುತ್ತದೆ. ನಿಂತಿರುವಾಗ ಮುಂದೆ 60 ಪಾಲು, ಹಿಂದೆ 40 ಪಾಲು ತೂಕವಿರುವ ಕಾರಿನಲ್ಲಿ, ಜೋರಾದ ಬ್ರೇಕಿನ ಹೊತ್ತಿಗೆ ಮುಂದೆ ಮುಕ್ಕಾಲು ಪಾಲು, ಹಿಂದೆ ಕಾಲು ಪಾಲು ಎಂಬಷ್ಟಾಗುತ್ತದೆ. ಹಿಂದಿನ ಟೈರುಗಳು ಮಾಡಬಲ್ಲ ಕೆಲಸ ಆ ಕಾಲು ಪಾಲಿನಷ್ಟೇ. ವಾಹನವನ್ನು ಎತ್ತರಿಸಿದಷ್ಟೂ ತೂಕ ಮುಂದಕ್ಕೆ ಜಾರುವುದು ಹೆಚ್ಚು. ಆಕ್ಸಲ್ ಬದಲಿಸುವವರು ಸಾಮಾನ್ಯವಾಗಿ ಜೀಪನ್ನು ಎತ್ತರಿಸಿರುತ್ತಾರೆ. ಒಂದು ಕೈಯಿಂದ ಹಿಂದಿನ ಬ್ರೇಕನ್ನು ಬಲಪಡಿಸುತ್ತ ಇನ್ನೊಂದು ಕೈಯಿಂದ ಹಿಂದಿನ ಟೈರಿನ ಹಿಡಿತವನ್ನು ಕಳೆಯುವ ಈ ವಿಚಿತ್ರವನ್ನು ಗ್ಯಾರೇಜಿನಲ್ಲಿ ಯಾರೂ ಬಿಡಿಸಿ ಹೇಳುವುದಿಲ್ಲ.

ಹಿಂದಿನ ಚಕ್ರಗಳು ಮುಂದಿನವಕ್ಕಿಂತ ಮೊದಲು ಹಿಡಿದು ನಿಂತರೆ ಏನಾಗುತ್ತದೆ ಎಂಬುದೇ ಪ್ರಾಣದ ಪ್ರಶ್ನೆ. ಮುಂದಿನ ಚಕ್ರಗಳು ಮೊದಲು ನಿಂತರೆ ವಾಹನ ತಿರುಗದೆ ನೇರ ಜಾರುತ್ತದೆ. ಕೆಟ್ಟದ್ದೇ, ಆದರೆ ಮೂತಿ ಮುಂದಿರುತ್ತದೆ, ಬೆಲ್ಟೂ ಏರ್‌ಬ್ಯಾಗೂ ಆ ದಿಕ್ಕಿಗಾಗಿಯೇ ಮುಖ್ಯವಾಗಿ ರೂಪುಗೊಂಡಿವೆ. ಹಿಂದಿನವು ಮೊದಲು ನಿಂತರೆ ಹಿಂಭಾಗ ಮುಂದಕ್ಕೆ ಬರಲು ಹವಣಿಸುತ್ತದೆ, ವಾಹನ ಬುಗುರಿಯಂತೆ ತಿರುಗಿ ಅಡ್ಡಲಾಗಿ ಹೋಗಿ ಬಡಿಯುತ್ತದೆ. ಎತ್ತರದ ಜೀಪಾದರೆ ಮಗುಚುತ್ತದೆ. ಬಾಗಿಲ ಕಡೆಯಿಂದ ಬಿದ್ದ ಏಟಿನಲ್ಲಿ ದೇಹ ಮತ್ತು ಲೋಹದ ನಡುವೆ ಇರುವುದು ಒಂದು ಗೇಣಿನಷ್ಟು ಜಾಗ. ಪಕ್ಕೆಲುಬು, ಗುಲ್ಮ, ಸೊಂಟದ ಮೂಳೆ, ತಲೆ: ಪೆಟ್ಟು ತಿನ್ನುವ ಅಂಗಗಳ ಪಟ್ಟಿ ವೈದ್ಯರಿಗೆ ಬಾಯಿಪಾಠ. ಆದುದರಿಂದಲೇ ಪ್ರತಿ ತಯಾರಕನೂ ಮುಂದಿನ ಚಕ್ರವೇ ಮೊದಲು ಹಿಡಿಯುವಂತೆ ಬ್ರೇಕಿನ ಹಂಚಿಕೆಯನ್ನು ಲೆಕ್ಕ ಹಾಕಿ ಕೂರಿಸಿರುತ್ತಾನೆ. 2004ರಿಂದ ಫಾರ್ಮುಲಾ ಒನ್ ನಡೆಯುತ್ತಿರುವ ನಮ್ಮ ಸಾಖಿರದ ಸರ್ಕ್ಯೂಟಿನಲ್ಲಿ ಚಾಲಕರು ತಿರುವು ತಿರುವಿಗೂ ಈ ಹಂಚಿಕೆಯನ್ನು ಸ್ಟೀರಿಂಗಿನಲ್ಲಿರುವ ಗುಂಡಿಯಿಂದ ತಿದ್ದುವುದನ್ನು ಟೆಲಿವಿಷನ್ನಿನಲ್ಲಿ ನೋಡಿದವರಿದ್ದೀರಿ. 2014ರಿಂದ ಆ ಕಾರುಗಳ ಹಿಂದಿನ ಬ್ರೇಕನ್ನು ಕಂಪ್ಯೂಟರ್ ನಿಯಂತ್ರಿಸಲು ನಿಯಮವೇ ಅವಕಾಶ ಕೊಟ್ಟಿದೆ. ಲೋಕದ ಅತಿ ನಿಪುಣ ಎಂಜಿನಿಯರುಗಳು ಇಷ್ಟು ತಲೆಕೆಡಿಸಿಕೊಳ್ಳುವ ಹಂಚಿಕೆಯನ್ನು ಅಂದಾಜಿನ ಮೇಲೆ ಬಿಡುವುದು ಸಾಧುವಲ್ಲ.

ಅಂಗ ಕಸಿಗೆ ಮುನ್ನ ನಾವು ಕೊಡುವವರ ಮತ್ತು ಪಡೆಯುವವರ ರಕ್ತವನ್ನು ಹೊಂದಿಸಿ ನೋಡುತ್ತೇವೆ. ಹೊಸ ಮೂತ್ರಪಿಂಡ ಎಷ್ಟೇ ಆರೋಗ್ಯವಾಗಿದ್ದರೂ ಸ್ವೀಕರಿಸುವ ದೇಹಕ್ಕೆ ಹೊಂದದಿದ್ದರೆ ಅದೇ ಆಪತ್ತು. ಆಕ್ಸಲಿನ ವಿಷಯದಲ್ಲಿ ಹೊಂದಾಣಿಕೆ ಎಲ್ಲೆಲ್ಲಿ ಬೇಕೆಂದು ನೋಡಿದರೆ ಕೆಲಸ ಎಷ್ಟು ದೂರ ಹಬ್ಬುತ್ತದೆಂದು ತಿಳಿಯುತ್ತದೆ. ಡ್ರಮ್ಮಿನ ಮುಂದಿನ ಶೂ ತಿರುಗುವ ಡ್ರಮ್ಮಿನಿಂದಲೇ ಒಳಕ್ಕೆ ಸೆಳೆಯಲ್ಪಟ್ಟು ತನ್ನ ಬಲವನ್ನು ತಾನೇ ಹೆಚ್ಚಿಸಿಕೊಳ್ಳುತ್ತದೆ. ಡಿಸ್ಕಿಗೆ ಆ ಸೌಕರ್ಯವಿಲ್ಲ, ಒತ್ತಡ ಹೆಚ್ಚು ಬೇಕು. ಹಿಂದಕ್ಕೆ ಹೋಗುವ ಒತ್ತಡವನ್ನು ತಗ್ಗಿಸುವ ಪ್ರೊಪೋರ್ಷನಿಂಗ್ ವಾಲ್ವು ಹಳೆಯ ಡ್ರಮ್ಮಿನ ಲೆಕ್ಕಕ್ಕೇ ಇರುವುದರಿಂದ ಅದನ್ನು ಹಾಗೇ ಬಿಟ್ಟರೆ ಹೊಸ ಡಿಸ್ಕ್ ಸುಮ್ಮನೆ ಅಲಂಕಾರಕ್ಕೆ ನಿಲ್ಲಬಹುದು. ಕಿತ್ತು ಹಾಕಿದರೆ ಹಿಂದಿನ ಚಕ್ರ ಮೊದಲು ಹಿಡಿಯಬಹುದು. ಕ್ಯಾಲಿಪರಿನ ಪಿಸ್ಟನ್ ದೊಡ್ಡದಾದ್ದರಿಂದ ಹೆಚ್ಚು ಎಣ್ಣೆ ಬೇಕು, ಮಾಸ್ಟರ್ ಸಿಲಿಂಡರ್ ಸಣ್ಣದಿದ್ದರೆ ಪೆಡಲು ಉದ್ದಕ್ಕೆ ಇಳಿಯುತ್ತದೆ. ಹಳೆಯ ಕೆಲವು ವಾಹನಗಳಲ್ಲಿ ಡ್ರಮ್ಮಿನ ಕೊಳವೆಯಲ್ಲಿ ಸ್ವಲ್ಪ ಒತ್ತಡವನ್ನು ಸದಾ ಉಳಿಸುವ ವಾಲ್ವು ಇರುತ್ತದೆ. ಅದನ್ನು ತೆಗೆಯದಿದ್ದರೆ ಪ್ಯಾಡು ಡಿಸ್ಕಿಗೆ ಅಂಟಿಕೊಂಡೇ ಇದ್ದು ಕಾಯುತ್ತದೆ. ಎ.ಬಿ.ಎಸ್. ಇರುವ ವಾಹನದಲ್ಲಿ ಚಕ್ರದ ವೇಗವನ್ನು ಅಳೆಯುವ ಹಲ್ಲುಬಳೆಯ ಎಣಿಕೆ ಬದಲಾದರೆ ಕಂಪ್ಯೂಟರ್ ತಪ್ಪು ವೇಗವನ್ನು ಓದುತ್ತದೆ. ಎತ್ತರಿಸಿದ ಜೀಪಿಗೆ ಉದ್ದನೆಯ ಬ್ರೇಕ್ ಹೋಸು ಬೇಕು. ಹಳೆಯದನ್ನೇ ಎಳೆದು ಕಟ್ಟಿದರೆ ಚಕ್ರ ಗುಂಡಿಗೆ ಇಳಿದಾಗ ಹರಿಯುತ್ತದೆ.

ಹ್ಯಾಂಡ್ ಬ್ರೇಕಿನ ಬಗೆಗೆ ಬೇರೆಯೇ ಹೇಳಬೇಕು, ಏಕೆಂದರೆ ಅತಿ ಹೆಚ್ಚು ಅಲಕ್ಷ್ಯಕ್ಕೆ ಒಳಗಾಗುವುದು ಅದೇ. ಎಕ್ಸ್‌ಪ್ಲೋರರಿನ ಡಿಸ್ಕಿನ ನಡುವಿನ ಟೋಪಿಯೊಳಗೆ ಹ್ಯಾಂಡ್ ಬ್ರೇಕಿಗಾಗಿ ಒಂದು ಪುಟ್ಟ ಡ್ರಮ್ ಅಡಗಿದೆ. ಅದರ ಕೇಬಲು ಜೀಪಿನ ಕೇಬಲಿಗೆ ಹೊಂದುವಂತೆ ಮಾಡುವುದು ಕಿರಿಕಿರಿಯ ಕೆಲಸ. "ಆಮೇಲೆ ನೋಡೋಣ, ಗೇರಿನಲ್ಲಿ ನಿಲ್ಲಿಸಿ" ಎಂದು ಬಿಟ್ಟುಬಿಡುತ್ತಾರೆ. ಡೇರೆಯ ಬಳಿ ಮಕ್ಕಳು ಆಡುವ ಕಡೆ ಹ್ಯಾಂಡ್ ಬ್ರೇಕಿಲ್ಲದ ಎರಡು ಟನ್ನಿನ ವಾಹನ ನಿಂತಿರುವುದನ್ನು ಕಲ್ಪಿಸಿಕೊಳ್ಳಿ. ಪೆಡಲಿನ ಬ್ರೇಕ್ ವಿಫಲವಾದಾಗ ಉಳಿಯುವ ಏಕೈಕ ಸಾಧನವೂ ಅದೇ. ಹ್ಯಾಂಡ್ ಬ್ರೇಕ್ ಕೆಲಸ ಮಾಡದ ವಾಹನವನ್ನು ಗ್ಯಾರೇಜಿನಿಂದ ಹೊರಗೆ ತರಬಾರದೆಂಬುದರಲ್ಲಿ ನಮಗೆ ಎಳ್ಳಷ್ಟೂ ಸಂದೇಹವಿಲ್ಲ.

ಡಿಸ್ಕ್ ಮೇಲುಜಾತಿ, ಡ್ರಮ್ ಕೀಳುಜಾತಿ ಎಂಬ ಭಾವನೆಯೂ ಹೋಗಬೇಕು. ಫೋಕ್ಸ್‌ವ್ಯಾಗನ್ ಸಂಸ್ಥೆ 2020ರಲ್ಲಿ ಹೊರತಂದ ಐ.ಡಿ. 3, ಐ.ಡಿ. 4 ವಿದ್ಯುತ್ ಕಾರುಗಳಿಗೆ ಹಿಂದೆ ಡ್ರಮ್ಮನ್ನೇ ಕೊಟ್ಟಿದೆ. ವಿದ್ಯುತ್ ಕಾರಿನಲ್ಲಿ ವೇಗ ತಗ್ಗಿಸುವ ಕೆಲಸವನ್ನು ಹೆಚ್ಚಾಗಿ ಮೋಟಾರೇ ಮಾಡುವುದರಿಂದ, ಬಳಕೆ ಕಡಿಮೆಯಾದ ಡಿಸ್ಕ್ ತುಕ್ಕು ಹಿಡಿಯುತ್ತದೆ, ಮುಚ್ಚಿದ ಡ್ರಮ್ ಹಿಡಿಯದು. ಊರಿನಲ್ಲಿ 2020ರ ಮಹೀಂದ್ರ ಥಾರ್ ಸಹ ಹಿಂದೆ ಡ್ರಮ್ಮಿನೊಡನೆಯೇ ಬಂದು ಸಕಲೇಶಪುರದ ತೋಟದ ದಾರಿಗಳಲ್ಲಿ ಓಡುತ್ತಿದೆ. ಹಿತ್ತಲ ಗಿಡ ಮದ್ದಲ್ಲ ಎಂದು ಕಡೆಗಣಿಸುವ ಮುನ್ನ ಅದು ಮಾಡುವ ಕೆಲಸವನ್ನು ನೋಡಬೇಕು.

ಥಾರಿನ ಮಾತು ಬಂದುದರಿಂದ ಕಾನೂನನ್ನೂ ಹೇಳಿಬಿಡುವುದೊಳ್ಳೆಯದು. ಇಲ್ಲಿ ವಾಹನ ನೋಂದಣಿಯ ನವೀಕರಣಕ್ಕೆ ತಾಂತ್ರಿಕ ತಪಾಸಣೆಯಿದೆ. ಆಕ್ಸಲ್ ಬದಲಾವಣೆಯಂಥ ಕೆಲಸಕ್ಕೆ ಕೈ ಹಾಕುವ ಮುನ್ನ ಸಂಚಾರ ನಿರ್ದೇಶನಾಲಯದಲ್ಲಿ ವಿಚಾರಿಸಿ ಅನುಮತಿಯನ್ನು ಬರಹದಲ್ಲಿ ಪಡೆಯಿರಿ, ವಿಮಾ ಕಂಪನಿಗೂ ತಿಳಿಸಿ. ಅಪಘಾತದ ನಂತರ ಈ ಸಂಗತಿ ಬೆಳಕಿಗೆ ಬಂದರೆ ನಡೆಯುವ ವಾದವಿವಾದದಲ್ಲಿ ವಿದೇಶದಲ್ಲಿರುವ ಕುಟುಂಬದ ಸ್ಥಿತಿ ಹೇಗಾಗುತ್ತದೆಂದು ಯೋಚಿಸಬೇಕು. ರಜೆಗೆ ಹೋದಾಗ ಊರಿನ ವಾಹನಕ್ಕೆ ಮಾಡಿಸೋಣವೆಂದರೆ ಅಲ್ಲಿಯೂ ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ಹೇಳಿದೆ.

ಇನ್ನು ನಾವು ಆರಂಭದಲ್ಲಿ ಸೂಚಿಸಿದ, ವೈದ್ಯರಾಗಿ ಹೇಳಲೇಬೇಕಾದ ಮಾತು. ಇಲ್ಲಿನ ಗ್ಯಾರೇಜುಗಳಲ್ಲಿ ಕೈ ಮಸಿ ಮಾಡಿಕೊಳ್ಳುವವರಲ್ಲಿ ನಮ್ಮ ಕರಾವಳಿಯವರೂ ಕೇರಳದವರೂ ಇದ್ದಾರೆ. ಹಳೆಯ ಡ್ರಮ್ಮನ್ನು ಬಿಚ್ಚಿದೊಡನೆ ಏರ್ ಹೋಸ್ ಹಿಡಿದು ಧೂಳನ್ನು ಊದುವುದು ಎಲ್ಲೆಡೆಯ ರೂಢಿ. ಹಳೆಯ ವಾಹನಗಳ ಲೈನರುಗಳಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಬಳಕೆಯಲ್ಲಿತ್ತು. ಅಗ್ಗದ ಬದಲಿ ಲೈನರುಗಳಲ್ಲಿ ಇಲ್ಲವೆಂದು ಕಣ್ಣಿನಿಂದ ನೋಡಿ ಹೇಳಲಾಗದು. ಅದರ ಸೂಕ್ಷ್ಮ ಎಳೆಗಳು ಶ್ವಾಸಕೋಶವನ್ನು ಸೇರಿದರೆ ಹೊರಬರುವುದಿಲ್ಲ. ಶ್ವಾಸಕೋಶದ ಗಡುಸುತನ, ಶ್ವಾಸಕೋಶದ ಕ್ಯಾನ್ಸರ್, ಶ್ವಾಸಕೋಶದ ಪೊರೆಯ ಮೀಸೊಥೀಲಿಯೋಮ ಎಂಬ ಕ್ಯಾನ್ಸರ್ ಇವುಗಳಿಂದ ಬರುತ್ತವೆ, ಅದೂ ಇಪ್ಪತ್ತು, ಮೂವತ್ತು, ನಲವತ್ತು ವರ್ಷಗಳ ನಂತರ. ಇಂದು ಊದಿದ ಧೂಳಿಗೆ ಆತ ಊರಿಗೆ ಮರಳಿ ಮೊಮ್ಮಕ್ಕಳನ್ನು ಆಡಿಸುವ ಕಾಲಕ್ಕೆ ಲೆಕ್ಕ ಕೊಡಬೇಕಾಗುತ್ತದೆ. ಪರಿಹಾರ ದುಬಾರಿಯಲ್ಲ: ಊದದೆ, ಗುಡಿಸದೆ, ನೀರು ಚಿಮುಕಿಸಿ ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಬೇರೆ ಇಡುವುದು. ಕೆಲಸದ ಬಟ್ಟೆಯನ್ನು ಮನೆಯ ಬಟ್ಟೆಯೊಡನೆ ಒಗೆಯದಿರುವುದು.

ಇನ್ನೊಂದು ಅಪಾಯ ಇದಕ್ಕಿಂತಲೂ ಕಡಿಮೆ ಜನರಿಗೆ ಗೊತ್ತು. ಆಕ್ಸಲಿಗೆ ಪೀಠ ಬೆಸೆಯುವ ಮುನ್ನ ಜಿಡ್ಡು ತೆಗೆಯಲು ಬ್ರೇಕ್ ಕ್ಲೀನರ್ ಸಿಂಪಡಿಸುತ್ತಾರೆ. ಆ ಡಬ್ಬಿಗಳಲ್ಲಿ ಎರಡು ಬಗೆ. ಕ್ಲೋರಿನ್ ಇರುವ ಬಗೆಯಲ್ಲಿ ಟೆಟ್ರಾಕ್ಲೋರೋಎಥಿಲೀನ್‌ನಂಥ ದ್ರಾವಕಗಳಿರುತ್ತವೆ. ಅದು ಒಣಗದೆ ಸಂದಿಯಲ್ಲಿ ಉಳಿದಿರುವಾಗ ವೆಲ್ಡಿಂಗ್ ಕಿಡಿ ತಗುಲಿದರೆ ಫಾಸ್ಜೀನ್ ಎಂಬ ಅನಿಲ ಹುಟ್ಟಬಲ್ಲದು. ಮೊದಲ ಮಹಾಯುದ್ಧದಲ್ಲಿ ಸೈನಿಕರ ಮೇಲೆ ಬಿಟ್ಟ ವಿಷಾನಿಲ ಅದೇ. ಇದರ ಕಪಟವೆಂದರೆ ಮೊದಲು ಸ್ವಲ್ಪ ಕೆಮ್ಮು, ಕಣ್ಣುರಿ ಬಂದು ಶಮನವಾಗುತ್ತದೆ. ಆತ ಕೆಲಸ ಮುಗಿಸಿ ಕೋಣೆಗೆ ಹೋಗಿ ಮಲಗುತ್ತಾನೆ. ಗಂಟೆಗಳು ಕಳೆದ ಮೇಲೆ, ಕೆಲವೊಮ್ಮೆ ಮರುದಿನ, ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರು ಕಟ್ಟುತ್ತದೆ. ಬೆಸುಗೆ ಇರುವ ಕೆಲಸಕ್ಕೆ ಕ್ಲೋರಿನ್ ಇಲ್ಲದ ದ್ರಾವಕವನ್ನೇ ಬಳಸಿ, ಅದು ಬೆಂಕಿ ಹಿಡಿಯುವಂಥದ್ದಾದ್ದರಿಂದ ಪೂರ್ತಿ ಆರಿದ ಮೇಲೆ, ತೆರೆದ ಗಾಳಿಯಲ್ಲಿ ಬೆಸೆಯಬೇಕು. ಬೆಸೆಯುವಾಗ ಉಸಿರಾಟದಲ್ಲಿ ಏನೋ ಆಯಿತೆಂದು ಯಾರಾದರೂ ಹೇಳಿದರೆ, ಸರಿಹೋಯಿತೆಂದು ಅವರೇ ಹೇಳಿದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಯಾವ ಡಬ್ಬಿ ಬಳಸಿದರೆಂದು ವೈದ್ಯರಿಗೆ ತೋರಿಸಿ. ಉಸಿರು ಕಷ್ಟವಾದರೆ ಕಾಯದೆ 999ಕ್ಕೆ ಕರೆ ಮಾಡಿ. ಜಾಕಿನ ಮೇಲಷ್ಟೇ ನಿಂತ ವಾಹನದ ಕೆಳಗೆ ತಲೆ ಹಾಕಬಾರದೆಂಬುದನ್ನು ಪ್ರತ್ಯೇಕವಾಗಿ ಬರೆಯಬೇಕಾಗಿಲ್ಲವೆಂದು ಭಾವಿಸಿದ್ದೆವು. ವಾರಾಂತ್ಯಗಳಲ್ಲಿ ಫ್ಲ್ಯಾಟುಗಳ ಕೆಳಗೆ ಕಾಣುವ ದೃಶ್ಯಗಳು ಬರೆಯಿಸುತ್ತಿವೆ. ಸ್ಟ್ಯಾಂಡು ಇಡಿ.

ಹಣ ಎಲ್ಲಿಂದ ಖರ್ಚು ಮಾಡಲಾರಂಭಿಸಬೇಕೆಂಬ ಪ್ರಶ್ನೆಗೆ ನಮ್ಮ ಉತ್ತರ ಟೈರು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕೆಗಳಿರುತ್ತವೆ: 2319 ಎಂದಿದ್ದರೆ 2019ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದದ್ದು. ಇಲ್ಲಿಯ ಬೇಸಿಗೆಯಲ್ಲಿ ರಬ್ಬರು ಬೇಗ ಗಡುಸಾಗುತ್ತದೆ, ಮೇಲಿನ ಹಲ್ಲುಗಳು ಉಳಿದಿದ್ದರೂ ಹಿಡಿತ ಉಳಿದಿರುವುದಿಲ್ಲ. ಎರಡನೆಯದು ಬ್ರೇಕ್ ಆಯಿಲ್. ಸಾಮಾನ್ಯ ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿಯವರೆಗೆ ಕುದಿಯಬಾರದೆಂಬುದು ನಿಯಮ; ನೀರು ಸೇರಿದ ಮೇಲೆ ಆ ಮಿತಿ 140. ಕುದಿದರೆ ಕೊಳವೆಯಲ್ಲಿ ಆವಿ, ಪೆಡಲು ಹತ್ತಿಯಂತೆ. ಸುತ್ತಲೂ ಸಮುದ್ರವಿರುವ, ಆಗಸ್ಟಿನಲ್ಲಿ ಕನ್ನಡಕ ಮಂಜಾಗುವ ಈ ದ್ವೀಪದಲ್ಲಿ ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸುವುದು ಅತಿಯಲ್ಲ. ಆ ಬಳಿಕ ಮುಂದಿನ ಪ್ಯಾಡುಗಳು. ಇವು ಮೂರೂ ಸೇರಿ ಒಂದು ಆಕ್ಸಲ್ ಕೆಲಸದ ಸಣ್ಣ ಭಾಗದಷ್ಟು ಖರ್ಚಿನಲ್ಲಿ ಮುಗಿಯುತ್ತವೆ. ಇನ್ನು ಖರ್ಚೇ ಇಲ್ಲದ ಉಪಾಯವೊಂದಿದೆ: ಒಳ್ಳೆಯ ಟೈರಿನಲ್ಲಿ 100ರ ವೇಗದಿಂದ ನಿಲ್ಲಲು ಸುಮಾರು 50 ಮೀಟರ್ ಸಾಕಾದರೆ 120ರಿಂದ 70 ಮೀಟರ್ ಬೇಕು, ಕಾಲು ಪೆಡಲಿಗೆ ಹೋಗುವ ಒಂದು ಸೆಕೆಂಡಿನಲ್ಲಿ ದಾಟುವ 33 ಮೀಟರ್ ಬೇರೆ. ಆ ಇಪ್ಪತ್ತು ಮೀಟರನ್ನು ಯಾವ ಆಕ್ಸಲೂ ಮರಳಿ ಕೊಡಲಾರದು.

ಇಷ್ಟನ್ನೆಲ್ಲ ಓದಿದ ತಂದೆತಾಯಿಗಳು "ನೋಡು, ಡಾಕ್ಟರೇ ಬೇಡವೆಂದಿದ್ದಾರೆ" ಎಂದು ಮಗನ ಮುಂದೆ ಹಿಡಿಯಬಾರದೆಂದು ವಿನಂತಿ. ನಾವು ಬೇಡವೆಂದಿಲ್ಲ. ಬೇಡವೆಂದು ಗದರಿದರೆ ಅದೇ ಕೆಲಸ ಕದ್ದುಮುಚ್ಚಿ, ಅರ್ಧ ಹಣದಲ್ಲಿ, ಹ್ಯಾಂಡ್ ಬ್ರೇಕಿಲ್ಲದೆ ನಡೆಯುತ್ತದೆ. ಹಲ್ಲಿನ ಅನುಪಾತ, ಬ್ರೇಕಿನ ಹಂಚಿಕೆ, ಬೆಸುಗೆಯ ಶಾಖ ಇವನ್ನು ತಾನಾಗಿ ಓದಿ ತಿಳಿದ ಹುಡುಗ ಕಡಿಮೆ ಬುದ್ಧಿಯವನಲ್ಲ. ಎಷ್ಟೋ ಟ್ಯೂಷನ್ನುಗಳು ಕಲಿಸಲಾರದ್ದನ್ನು ಆ ಹಳೆಯ ಜೀಪು ಕಲಿಸಿದೆ. ಜೊತೆಗೆ ಗ್ಯಾರೇಜಿಗೆ ಹೋಗಿ. ಪ್ರೊಪೋರ್ಷನಿಂಗ್ ವಾಲ್ವಿಗೆ ಏನು ಮಾಡುತ್ತೀರಿ, ಹ್ಯಾಂಡ್ ಬ್ರೇಕ್ ಕೇಬಲು ಯಾವುದು, ಮುಂದಿನ ಅನುಪಾತವೆಷ್ಟು ಎಂದು ಕೇಳಿ. ಉತ್ತರ ತಡವರಿಸಿದರೆ ಬೇರೆ ಗ್ಯಾರೇಜು ನೋಡಿ. ಕೆಲಸ ಮುಗಿದ ಮೇಲೆ ಹೆದ್ದಾರಿಗೆ ಇಳಿಸುವ ಮುನ್ನ, ಯಾರೂ ಇಲ್ಲದ ಬಯಲಿನಲ್ಲಿ ಮೊದಲು 20, ಆಮೇಲೆ 40ರ ವೇಗದಲ್ಲಿ ಬ್ರೇಕ್ ಒತ್ತಿ, ದೂರದಲ್ಲಿ ಇನ್ನೊಬ್ಬರು ನಿಂತು ಯಾವ ಚಕ್ರ ಮೊದಲು ಹಿಡಿಯುತ್ತದೆಂದು ನೋಡಬೇಕು. ಹಿಂದಿನದಾದರೆ ವಾಹನ ಅಲ್ಲಿಂದ ನೇರ ಗ್ಯಾರೇಜಿಗೆ ಮರಳಬೇಕು. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಎಲ್ಲ ಬೋಲ್ಟುಗಳನ್ನೂ ಬೆಸುಗೆಗಳನ್ನೂ ಮತ್ತೊಮ್ಮೆ ಪರೀಕ್ಷಿಸಬೇಕು.

ನಮ್ಮ ಸದಸ್ಯರಲ್ಲಿ ವಾಹನ ದುರಸ್ತಿಯಲ್ಲಿ ವರ್ಷಗಟ್ಟಲೆ ಪಳಗಿದವರಿದ್ದಾರೆ. ವೇದಿಕೆಯ ಮೇಲೆ ಅವರನ್ನು ಕೂರಿಸುವ ಪದ್ಧತಿ ಮಾತ್ರ ನಮ್ಮಲ್ಲಿ ಇನ್ನೂ ಬಂದಿಲ್ಲ. ಡೇರೆಗಳ ಕಾಲ ಮುಗಿಯುವುದರೊಳಗೆ ಒಂದು ಶುಕ್ರವಾರದ ಬೆಳಗ್ಗೆ ಯುವಕರನ್ನೂ ಹಿರಿಯರನ್ನೂ ಸೇರಿಸಿ, ನಿಜವಾದ ಒಂದು ಡ್ರಮ್ಮನ್ನೂ ಡಿಸ್ಕನ್ನೂ ಮೇಜಿನ ಮೇಲಿಟ್ಟು, ಅವರಿಂದಲೇ ವಿವರಿಸಿಸಬೇಕೆಂದು ಸಂಘದ ಕಾರ್ಯಕಾರಿ ಸಮಿತಿಯನ್ನು ಕೋರುತ್ತೇವೆ. ಧೂಳು ಮತ್ತು ಬೆಸುಗೆಯ ಭಾಗವನ್ನು ನಾವು ಹೇಳುತ್ತೇವೆ. ಮಾರ್ಗದರ್ಶನಕ್ಕೆ ಮುಂದೆ ಬರಬಯಸುವ ಮೆಕ್ಯಾನಿಕ್ ಸದಸ್ಯರು ತಮ್ಮ ಬಿಡುವಿನ ಶುಕ್ರವಾರವನ್ನು ಕಾರ್ಯದರ್ಶಿಗಳಿಗೆ ತಿಳಿಸಿದರೆ ದಿನ ಗೊತ್ತುಮಾಡಬಹುದು.